ಕಿಟಕಿ ಕೋಣೆಯ ಎರಡು ನೀಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಹೇಳುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಇಲ್ಲಿಯವರೂ ಅದನ್ನು ಕಂಡುಹಿಡಿಯಲು ಹೆಚ್ಚು ಸಮಯ ತೆಗೆದುಕೊಳ್ಳಲಿಲ್ಲ. ಗೋಡೆಗೆ ಯಾವ ನೀಲಿ ಬಳಿಯಬೇಕು ಎಂಬ ಮಾತಿಗೆ ನಾನು ಒಂದು ಹೊತ್ತಿನ ಊಟ ಬಿಟ್ಟವಳು. ಈಗ ಹೇಳಿಕೊಂಡರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆ ಊಟ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ, ಅಂದು ಮಾಡಿದ್ದು ಹೇಗೂ ನನಗೆ ಸೇರದ ಹಾಗಲಕಾಯಿ ಪಲ್ಯ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಭಟ್ಕಳದಿಂದ ಹೊರಟು, ಹೊನ್ನಾವರದಲ್ಲಿ ದೋಣಿಯಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಇದ್ದಿಲ ಬಸ್ಸು ಹತ್ತಿ ಕುಮಟೆಗೆ ಬಂದು ಇಳಿದಾಗ ನನ್ನ ಮದುವೆ ಸೀರೆ ಹೊಗೆಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತವರು ಮೊದಲು ಆಡಿದ ಮಾತು, "ಅಯ್ಯೋ, ಕೂಸಿನ ಮುಖ ತೊಳಸ್ರೇ." ಕೂಸು ಎಂದರೆ ಇಲ್ಲಿ ಹುಡುಗಿ, ನಾನು.

ಮನೆ ಪೇಟೆಗೆ ಹತ್ತಿರದ ಒಂದು ಓಣಿಯಲ್ಲಿತ್ತು. ಮುಂದೆ ಜಗಲಿ, ಒಳಗೆ ನಡುಮನೆ, ಆಮೇಲೆ ಅಡುಗೆಮನೆ, ಹಿಂದೆ ಬಾವಿಕಟ್ಟೆ. ತಲೆಯ ಮೇಲೆ ಹಂಚಿಗೆ ಅಂಟಿಕೊಂಡಂತೆ ಮೆತ್ತು, ಎಂದರೆ ಅಟ್ಟ. ಅಲ್ಲಿ ತೆಂಗಿನಕಾಯಿ, ಒಡಕು ಪಾತ್ರೆ, ಯಾರಿಗೂ ಬೇಡವಾದ ತೊಟ್ಟಿಲು ಇದ್ದವು. ಮನೆಗೆಲ್ಲ ಕೋಣೆ ಎನ್ನಬಹುದಾದದ್ದು ಒಂದೇ. ಓಣಿಯ ಕಡೆ ದೊಡ್ಡ ಕಿಟಕಿ ಇದ್ದದ್ದರಿಂದ ಎಲ್ಲರೂ ಅದನ್ನು ಕಿಟಕಿ ಕೋಣೆ ಎನ್ನುತ್ತಿದ್ದರು. ಆ ಕೋಣೆಯಲ್ಲಿ ನನ್ನ ಅತ್ತಿಗೆ, ಎಂದರೆ ನನ್ನ ಯಜಮಾನರ ಅಕ್ಕ, ಇರುತ್ತಿದ್ದರು.

ಅತ್ತಿಗೆಯ ಗಂಡ ಮುಂಬಯಿಯಲ್ಲಿ ಹೋಟೆಲಿನ ಕೆಲಸಕ್ಕೆಂದು ಹೋದವರು, ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಎಂದಿದ್ದರಂತೆ. ಕರೆಸಿಕೊಳ್ಳಲಿಲ್ಲ. ಅತ್ತಿಗೆ ತವರಿಗೆ ಬಂದರು, ಒಂದು ಕೈಮಷಿನ್ನನ್ನು ಕಿಟಕಿಯ ಬುಡದಲ್ಲಿ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಪೋಲಕ ಹೊಲಿದುಕೊಡಲು ಶುರುಮಾಡಿದರು. ಕಿಟಕಿಯ ಹೊರಗೆ ನಿಂತು ಕೊಂಕಣಿಯವರು ಕೊಂಕಣಿಯಲ್ಲಿ ಅಳತೆ ಹೇಳುತ್ತಿದ್ದರು. ಅತ್ತಿಗೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಷಿನ್ನಿನ ಸದ್ದೇ ಅವರ ಸದ್ದು.

ಇನ್ನು ನನ್ನ ಸಂಸಾರದ ಕಥೆ. ನಾನು ರಾತ್ರಿ ನಡುಮನೆಯಲ್ಲಿ, ಅಡುಗೆಮನೆ ಬಾಗಿಲಿಗೆ ಚಾಪೆ ಹಾಸುವ ಅತ್ತೆಯ ಹತ್ತಿರ, ನನ್ನ ಯಜಮಾನರು ಜಗಲಿಯಲ್ಲಿ ಮಾವನ ಪಕ್ಕ. ಮಾವನಿಗೆ ನಿದ್ದೆ ಕಡಿಮೆ, ಕೆಮ್ಮು ಜಾಸ್ತಿ. ನಾವಿಬ್ಬರೂ ಗಂಡಹೆಂಡಿರಾಗಿ ಮಾತಾಡಿದ್ದೆಲ್ಲ ಬಾವಿಕಟ್ಟೆಯಲ್ಲಿ, ನಾನು ನೀರು ಸೇದುವಾಗ, ಅವರು ಬೇಡದಿದ್ದರೂ ಕಾಲು ತೊಳೆಯಲು ಬಂದಾಗ. ಆ ಮಳೆಗಾಲದಲ್ಲಿ ಅವರಷ್ಟು ಸಲ ಕಾಲು ತೊಳೆದ ಗಂಡಸು ಕುಮಟೆಯಲ್ಲೇ ಇರಲಿಕ್ಕಿಲ್ಲ. ಹಾಗಾಗಿ ಮಳೆ ಬಿಟ್ಟು ಹೊಳವಾದ ಮೇಲೆ ಒಂದು ದಿನ ಅತ್ತೆ ಊಟಕ್ಕೆ ಬಡಿಸುತ್ತ, "ದೀಪಾವಳಿ ಒಳಗೆ ಕಿಟಕಿ ಕೋಣೆಗೆ ಬಣ್ಣ ಬಳ್ದು ಇವಕ್ಕೆ ಕೊಟ್ಟುಬಿಡನ. ಅದು ಯನ್ನ ಸಂತಿಗೆ ಮಲಗ್ತು" ಎಂದಾಗ ನನಗೆ ಬಡಿಸಿದ್ದು ಏನೆಂದು ನೋಡದೆ ಉಣ್ಣುವಷ್ಟು ಸಂತೋಷವಾಯಿತು. 'ಅದು' ಎಂದರೆ ಅತ್ತಿಗೆ, 'ಯನ್ನ ಸಂತಿಗೆ' ಎಂದರೆ ತನ್ನ ಜೊತೆ. ಅವರು ಅಲ್ಲೇ ಮಜ್ಜಿಗೆ ಹಿಡಿದುಕೊಂಡು ನಿಂತಿದ್ದರು. ಮುಂದಿನ ಎಲೆಗೆ ಹೋದರು. ನಾನು ಅವರ ಮುಖ ನೋಡಲಿಲ್ಲ. ನನ್ನ ತಲೆಯ ತುಂಬ ಬಣ್ಣವೇ ಇತ್ತು.

ಯಾಕೆಂದರೆ ನನಗೆ ಬೇಕಿದ್ದದ್ದು ನೀಲಿ ಕೋಣೆ. ಭಟ್ಕಳದಲ್ಲಿ ನಮ್ಮ ಹಿತ್ತಲಿಗೆ ತಾಗಿ ಒಂದು ನವಾಯತ ಮುಸಲ್ಮಾನರ ಮನೆ. ಅವರ ಮಗಳ ಮದುವೆಗೆ ಒಂದು ಕೋಣೆಗೆ ತಿಳಿನೀಲಿ ಬಳಿಸಿದ್ದರು. ಗೋಡೆ ಎಂದರೆ ಬಿಳಿ ಸುಣ್ಣ ಎಂದುಕೊಂಡಿದ್ದ ನಾನು ಆ ಹೊಸ್ತಿಲಲ್ಲಿ ನಿಂತು, ಕಾಲು ಕೀಳಲಾರದೆ ನೋಡಿದ್ದೆ. ಅಲ್ಲಿಯ ಅಮ್ಮ ನಕ್ಕು, "ನಿನ್ನ ಮದುವೆಗೂ ಬಳಿಸು ಅಂತ ಅಪ್ಪನಿಗೆ ಹೇಳು" ಎಂದಿದ್ದರು. ಅಪ್ಪನಿಗೆ ಹೇಳಲು ಧೈರ್ಯವಾಗಿರಲಿಲ್ಲ. ಇಲ್ಲಿ ಬಂದು ಅತ್ತೆಗೆ ಹೇಳಿದೆ. ಅತ್ತೆ ಆಶ್ಚರ್ಯವೆಂಬಂತೆ ಒಪ್ಪಿಬಿಟ್ಟರು. ನೀಲಿ ಆಗಬಹುದು, ಆದರೆ ಯಾವ ನೀಲಿ ಎಂಬಲ್ಲಿ ತಕರಾರು ಹುಟ್ಟಿತು.

ಆಗ ಬಣ್ಣ ಎಂದರೆ ಈಗಿನಂತೆ ಡಬ್ಬಿಯಲ್ಲಿ ಬರುತ್ತಿರಲಿಲ್ಲ. ಅಘನಾಶಿನಿಯ ಹಿನ್ನೀರಿನ ಚಿಪ್ಪು ಸುಟ್ಟ ಸುಣ್ಣ ತಂದು, ಬಿಸಿನೀರು ಹೊಯ್ದು ಅರಳಿಸಿ, ಹಳೆಯ ಪಂಚೆಯಲ್ಲಿ ಸೋಸಿ, ಗೋಡೆಗೆ ಒರಗಿದವರ ಬೆನ್ನಿಗೆ ಹತ್ತದಿರಲಿ ಎಂದು ಗಂಜಿತಿಳಿ ಕಲಸುವುದು. ಅದಕ್ಕೆ ಬಣ್ಣ ಏನು ಸೇರಿಸುತ್ತೀರೋ ನಿಮಗೆ ಬಿಟ್ಟದ್ದು. ಮಾವ ಹೇಳಿದ್ದು ಬಟ್ಟೆಗೆ ಹಾಕುವ ನೀಲಿ. ಅಂಗಡಿಯಲ್ಲಿ ಆಗ ಅದು ಸಿಗುವುದೇ ಕಷ್ಟವಿತ್ತು, ಆದರೂ ತಂದುಕೊಡುತ್ತೇನೆ ಎಂದರು. ಅತ್ತೆ ಹೇಳಿದ್ದು ಮೈಲುತುತ್ತ. ಅಡಿಕೆಗೆ ಕೊಳೆರೋಗ ಬರದಂತೆ ಸುಣ್ಣದ ಜೊತೆ ಕಲಸಿ ಮಳೆಗಾಲದಲ್ಲಿ ಗೊನೆಗಳಿಗೆ ಹೊಡೆಯುತ್ತಾರಲ್ಲ, ಆ ನೀಲಿ ಹರಳು. ಅತ್ತೆಯ ತವರು ಸಂತೆಗುಳಿ ಕಡೆಯ ತೋಟದ ಮನೆ. ಅಲ್ಲಿ ಹೊಡೆದು ಉಳಿದ ತುತ್ತವನ್ನು ಅವರ ತಮ್ಮ ಒಂದು ಗಂಟು ಕಟ್ಟಿ ಕಳಿಸಿದ್ದರು.

"ಸುಮ್ನೆ ಬಿದ್ದಿದ್ದು ಇದ್ದಲೆ, ಅಂಗಡಿಗೆ ಎಂತಕ್ಕೆ ಹೋಗವು?" ಎಂದರು ಅತ್ತೆ.

"ಗೋಡೆಗೆಂತ ಕೊಳೆ ಬಂಜನೇ, ಮದ್ದು ಹೊಡೆಯಲೆ?" ಎಂದರು ಮಾವ.

ಎರಡನ್ನೂ ಬಳಿದು ನೋಡಿಯೇ ನಿರ್ಧರಿಸುವುದು ಎಂದಾಯಿತು. ಅತ್ತಿಗೆ ಎರಡು ತೆಂಗಿನ ಕರಟದಲ್ಲಿ ಸುಣ್ಣ ಹಾಕಿ, ಒಂದಕ್ಕೆ ಮನೆಯಲ್ಲಿದ್ದ ಚೂರು ಬಟ್ಟೆನೀಲಿ, ಇನ್ನೊಂದಕ್ಕೆ ಕುಟ್ಟಿ ಪುಡಿಮಾಡಿದ ತುತ್ತ ಕಲಸಿದರು. ಕೇದಿಗೆಯ ಬಿಳಲಿನ ತುದಿ ಜಜ್ಜಿ ಮಾಡಿದ ಕುಂಚದಲ್ಲಿ ಕಿಟಕಿಯ ಎದುರು ಗೋಡೆಗೆ ಪಕ್ಕಪಕ್ಕದಲ್ಲಿ ಎರಡು ಪಟ್ಟೆ ಎಳೆದರು. ನಾವೆಲ್ಲ ಹೆಣ್ಣು ನೋಡಲು ಬಂದವರ ಹಾಗೆ ಸಾಲಾಗಿ ನಿಂತು ನೋಡಿದೆವು. ಏನೂ ಕಾಣಲಿಲ್ಲ. ಚಿಪ್ಪಿನ ಸುಣ್ಣ ಹಸಿ ಇದ್ದಾಗ ನೀರಿನ ಹಾಗೆ, ಹಿಂದಿನ ಗೋಡೆಯೇ ಕಾಣುತ್ತದೆ. ಒಣಗುತ್ತ ಒಣಗುತ್ತ ಮೈ ತುಂಬಿಕೊಂಡು ಬಣ್ಣ ಹೊರಬರುತ್ತದೆ.

"ಒಣಗವು" ಎಂದರು ಅತ್ತಿಗೆ.

ಮಾರನೆಯ ದಿನ ಬಣ್ಣ ಬಂದಿತ್ತು. ಎರಡೂ ಎಷ್ಟು ಹತ್ತಿರವೆಂದರೆ ನನ್ನ ಯಜಮಾನರು, "ಎರಡೂ ಒಂದೇ ಕಾಣ್ತು. ಯಾವುದಾದ್ರೂ ಆತು" ಎಂದು ಹೇಳಿ ಮುನ್ಸಿಪಾಲ್ಟಿಗೆ ಕೆಲಸಕ್ಕೆ ಹೊರಟರು. ಗಂಡಸರ ಕಣ್ಣು! ನಾನು ನೋಡುತ್ತ ಕುಳಿತೆ. ಬಟ್ಟೆನೀಲಿಯ ಪಟ್ಟೆ ಚೆನ್ನಾಗಿ ತೊಳೆದ ಪಂಚೆಯ ನೀಲಿ, ಸ್ವಲ್ಪ ತಣ್ಣಗೆ. ತುತ್ತದ ಪಟ್ಟೆಯಲ್ಲಿ ಎಲ್ಲೋ ಹಸಿರಿನ ಛಾಯೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಗೊತ್ತಾಗುವಂಥದ್ದು. ಒಂದನ್ನೇ ನೋಡಿದರೆ ಎರಡೂ ನೀಲಿಯೇ. ನನಗೆ ಬಟ್ಟೆನೀಲಿ ಹಿಡಿಸಿತು. ಭಟ್ಕಳದ ಕೋಣೆ ಅದೇ.

ಅತ್ತೆಗೆ ತುತ್ತವೇ ಬೇಕು. ಕಾರಣ ಕೇಳಿದರೆ ದುಡ್ಡು ಉಳಿಯುತ್ತದೆ, ಗೋಡೆಗೆ ಗೆದ್ದಲು ಬರುವುದಿಲ್ಲ, ಹೀಗೆ ದಿನಕ್ಕೊಂದು. ಮಾವ ಬಟ್ಟೆನೀಲಿಯ ಪಕ್ಷ. ಅವರಿಗೆ ಬಣ್ಣ ಬೇಕಿರಲಿಲ್ಲ, ಅತ್ತೆಯ ಎದುರು ಪಕ್ಷ ಬೇಕಿತ್ತು ಅಷ್ಟೆ. ಇನ್ನು ಅತ್ತಿಗೆ. ಯಾವುದಕ್ಕೂ ಬಾಯಿ ಹಾಕದ ಅತ್ತಿಗೆ ಈ ಬಣ್ಣದ ವಿಷಯದಲ್ಲಿ ಮಾತ್ರ ಇಲ್ಲದ ಆಸಕ್ತಿ ತೋರಿಸಿದರು. ನಾವು ಬಟ್ಟೆನೀಲಿಗೆ ವಾಲಿದರೆ, "ಇನ್ನೂ ಒಂದು ಕೈ ಬಳಿದು ನೋಡಕ್ಕು" ಎನ್ನುವರು. ಎರಡನೆಯ ಕೈ ಬಳಿದು ಒಣಗುವುದರೊಳಗೆ ಒಂದು ಮಳೆ ಬಂದು ಗೋಡೆ ಮತ್ತೆ ತಂಪಾಗುವುದು. ಒಣಗಿತೆಂದರೆ, "ಕಿಟಕಿ ಹಾಕಿ ನೋಡನ." ಆಮೇಲೆ, "ಸಂಜೆ ದೀಪ ಹಚ್ಚಿ ನೋಡನ, ಕೋಣೆಲಿ ಹೆಚ್ಚು ಇರದು ದೀಪದ ಬೆಳಕಲ್ಲೇ ಅಲ್ದಾ?" ದೀಪ ಹಚ್ಚಿದರೆ ಎರಡೂ ಬೂದಿ. ಹೊಲಿಗೆಯ ಪೆಟ್ಟಿಗೆಯಿಂದ ನೀಲಿ ನೂಲಿನ ಉಂಡೆಗಳನ್ನು ತಂದು ಗೋಡೆಗೆ ಹಿಡಿದು, ಇದಕ್ಕೆ ಇದು ಹೊಂದುತ್ತದೆ, ಅದಕ್ಕೆ ಅದು ಹೊಂದುತ್ತದೆ ಎಂದು ತೋರಿಸಿದರು. ನಾನು ಗೋಡೆಗೆ ಪೋಲಕ ಹೊಲಿಸುತ್ತೇನೆಯೇ?

ಮೊದಮೊದಲು ನನಗೆ, ಪಾಪ, ನನ್ನ ಕೋಣೆಗೆಂದು ಎಷ್ಟು ಮುತುವರ್ಜಿ ಎನ್ನಿಸಿತ್ತು. ಆಮೇಲೆ ಮೈ ಉರಿಯತೊಡಗಿತು. ಓಣಿಯ ಎಲ್ಲ ಮನೆಗಳ ಸುಣ್ಣ ಮುಗಿದು, ಹೆಂಗಸರು ಹಬ್ಬದ ಪೋಲಕ ಹೊಲಿಸಲು ಕಿಟಕಿಗೆ ಬಂದವರು ಒಳಗೆ ಇಣುಕಿ, "ಇನ್ನೂ ಆಗ್ಲಿಲ್ವಾ?" ಎಂದು ಕೇಳಿ ಹೋಗುತ್ತಿದ್ದರು. ದೀಪಾವಳಿಗೆ ನಾವಿಬ್ಬರೂ ಭಟ್ಕಳಕ್ಕೆ ಹೋಗಬೇಕು, ಮೊದಲ ವರ್ಷದ ಅಳಿಯ. ಬಂದ ಮೇಲೂ ಬಾವಿಕಟ್ಟೆಯೇ ಗತಿಯೇ? ಗಂಡ ಕರೆಸಿಕೊಳ್ಳದವಳಿಗೆ ನಮ್ಮ ಸುಖ ಕಂಡರೆ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಅಂದು ಊಟ ಬಿಟ್ಟೆ. ನನ್ನ ಸಿಟ್ಟು ಬಟ್ಟೆನೀಲಿ ಸಿಗದ್ದಕ್ಕೆ ಎಂದೇ ಎಲ್ಲರೂ ತಿಳಿದರು.

ಊಟ ಬಿಟ್ಟದ್ದರ ಫಲ ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಮಾವ ಬೇಸತ್ತು, "ಆತು, ತುತ್ತನೇ ಬಳೀರಿ, ನಾಳೇಗೆ ಮುಗೀಲಿ" ಎಂದು ತೀರ್ಪು ಕೊಟ್ಟುಬಿಟ್ಟರು. ನನಗೂ ಸಾಕಾಗಿತ್ತು. ಹಸಿರು ಛಾಯೆಯಾದರೆ ಆಗಲಿ, ಬಾಗಿಲಿರುವ ಕೋಣೆ ಸಿಕ್ಕರೆ ಸಾಕು. ಹರಳು ಕರಗಲು ರಾತ್ರಿಯಿಡೀ ನೀರಿನಲ್ಲಿರಬೇಕು. ಅತ್ತೆ ಗಂಟನ್ನು ಅತ್ತಿಗೆಯ ಕೈಗೆ ಕೊಟ್ಟು ನೆನೆಹಾಕಲು ಹೇಳಿದರು.

ಬೆಳಿಗ್ಗೆ ನಾನೇ ಮೊದಲು ಬಾವಿಕಟ್ಟೆಗೆ ಹೋದದ್ದು. ಅಲ್ಲಿ ಕಬ್ಬಿಣದ ಬಾಲ್ದಿಯಲ್ಲಿ ತುತ್ತದ ನೀರಿತ್ತು. ಬಗ್ಗಿ ನೋಡಿದರೆ ನೀಲಿಯೇ ಇಲ್ಲ. ಕೆರೆಯ ನೀರಿನ ಹಾಗೆ ಮಂಕು ಹಸಿರು, ತಳದಲ್ಲಿ ಕಂದು ಕೆಸರು, ಬಾಲ್ದಿಯ ಒಳಮೈಗೆಲ್ಲ ತಾಮ್ರದ ಬಣ್ಣದ ಕೆಂಪು ಪೊರೆ. ಗಂಟಿನಲ್ಲಿದ್ದ ತುತ್ತ ಪೂರ್ತಿ ಹಾಳು. ಏನಾಯಿತೆಂದು ನನಗೆ ತಿಳಿಯಲಿಲ್ಲ. ಅತ್ತೆಯನ್ನು ಕೂಗಿದೆ.

ಅತ್ತೆ ಬಂದರು, ಬಾಲ್ದಿಯೊಳಗೆ ನೋಡಿದರು, ಸೆರಗಿನ ತುದಿ ಬಾಯಿಗೆ ಒತ್ತಿ ನಿಂತುಬಿಟ್ಟರು.

"ಎಂತ ಆತು ಅತ್ತೆ?"

"ತುತ್ತನ ಕಬ್ಬಿಣಕ್ಕೆ ಹಾಕಿದ್ದು. ಕಬ್ಬಿಣ ಅದ್ನ ತಿಂದ್ಬಿಡ್ತು. ಮಡಕೆಲಿ ಹಾಕವು, ಇಲ್ದೆ ಹೋದ್ರೆ ಮರದ ಮರಿಗೆಲಿ."

"ಪಾಪ, ಅತ್ತಿಗೆಗೆ ಗೊತ್ತಿಲ್ಲೆ ಕಾಣ್ತು" ಎಂದೆ. ಒಳಗೊಳಗೆ ಕುದಿಯುತ್ತಿದ್ದರೂ ಸೊಸೆ ಆಡಬೇಕಾದ ಮಾತು ಆಡಿದೆ.

ಅತ್ತೆ ನನ್ನ ಕಡೆ ತಿರುಗಿದರು. "ಗೊತ್ತಿಲ್ಯಾ? ಅಜ್ಜನ ಮನೆ ತೋಟದಲ್ಲೇ ಬೆಳೆದ ಕೂಸು ಅದು. ಮದ್ದು ಹೊಡೆಯೋ ದಿನ ಕಬ್ಬಿಣದ ಬಾಲ್ದಿ ಹತ್ರ ತಂದ ಮಕ್ಕಗೆ ಬೆನ್ನ ಮೇಲೆ ಬೀಳ್ತಿತ್ತು. ಇದಕ್ಕೂ ಬಿದ್ದಿದ್ದು, ಆನೇ ಈ ಕೈಲಿ ಹೊಡ್ದಿದ್ದಿ." ಅಷ್ಟು ಹೇಳಿದವರು ಬಾಲ್ದಿಯನ್ನು ಇನ್ನೊಮ್ಮೆ ನೋಡಿದರು. ಕರಟದಲ್ಲಿ ಅಷ್ಟು ಹುಷಾರಾಗಿ ಕಲಸಿದವರು ಬಾಲ್ದಿಯಲ್ಲಿ ತಪ್ಪುತ್ತಾರೆಯೇ? ತೋಟ ಕಾಣದ ನನಗೂ ಆಗ ತಿಳಿಯಿತು, ಅದು ಮರೆವಲ್ಲ.

ನಾನು ಜಗಳಕ್ಕೆ ತಯಾರಾಗಿಯೇ ಅತ್ತೆಯ ಹಿಂದೆ ಕಿಟಕಿ ಕೋಣೆಗೆ ಹೋದೆ. ಇವತ್ತು ಗೋಡೆ ಬಳಿಯುವುದೆಂದು ಹಾಸಿಗೆ, ಪೆಟ್ಟಿಗೆ ಎಲ್ಲ ಹೊರಗೆ ಬಂದಿದ್ದವು. ಮಷಿನ್ನು ಮಾತ್ರ ಕಿಟಕಿಯ ಬುಡದಲ್ಲೇ ಇತ್ತು. ಅತ್ತಿಗೆ ಅದರ ಎದುರು ಕುಳಿತು, ಯಾರೋ ಬೆನ್ನಟ್ಟಿದವರ ಹಾಗೆ ಹೊಲಿಯುತ್ತಿದ್ದರು. ಅತ್ತೆ ಹೊಸ್ತಿಲಲ್ಲಿ ಕುಳಿತರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

"ತುತ್ತನ ಬಾಲ್ದಿಗೆ ಹಾಕಿದ್ಯಲೇ" ಎಂದರು, ಮೆಲ್ಲಗೆ.

"ಮರ್ತುಹೋತು" ಎಂದರು ಅತ್ತಿಗೆ. ಕೈ ನಿಲ್ಲಲಿಲ್ಲ.

"ಸುಳ್ಳು ಹೇಳಡ."

ಕೈ ನಿಂತಿತು. ಅತ್ತಿಗೆ ಬಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು. "ಅಡುಗೆಮನೆ ಬದಿಗೆ ಬೆಳಕಿಲ್ಲೆ ಆಯಿ. ಸೂಜಿಗೆ ನೂಲು ಪೋಣಿಸಲೆ ಬತ್ತಿಲ್ಲೆ. ಮೆತ್ತಿನ ಮೇಲೆ ತಲೆ ಎತ್ತಿ ಕೂಪಲೆ ಆಗ್ತಿಲ್ಲೆ. ಇಲ್ಲಿಂದ ಎದ್ರೆ ಯನ್ನ ಹೊಲಿಗೆ ಹೋತು. ಹೊಲಿಗೆನೂ ಹೋದ್ರೆ ಆನು ಈ ಮನೆಲಿ ಎಂತ? ಉಂಬದು, ಮಲಗದು, ಮುಂಬಯಿಯಿಂದ ಅವ್ವು ಕರೀತ್ವಾ ಹೇಳಿ ಕಾಯದು."

"ಮೊದ್ಲೇ ಹೇಳಲೆ ಎಂತ ಆಗಿತ್ತೇ?"

"ಬಣ್ಣ ಯಾವ್ದು ಹೇಳಿ ಎಲ್ಲಾ ಕೇಳಿದ್ರಿ" ಎಂದರು ಅತ್ತಿಗೆ. "ಕೋಣೆ ಕೊಡ್ತ್ಯಾ ಹೇಳಿ ಕೇಳಿದ್ದು ಯಾರು?"

ನಾನು ಹೊತ್ತು ತಂದಿದ್ದ ಜಗಳವೆಲ್ಲ ಎಲ್ಲಿಗೆ ಹೋಯಿತೋ. ಗೋಡೆಯ ಮೇಲೆ ಆ ಎರಡು ಪಟ್ಟೆ, ಎರಡೆರಡು ಕೈ ಬಳಿದದ್ದು, ಎಷ್ಟು ದಿನದಿಂದ ನೋಡುತ್ತಿದ್ದೆ! ಪಟ್ಟೆ ನೋಡಿದೆವು, ಪಟ್ಟೆ ತೋರಿಸುತ್ತಿದ್ದವರನ್ನು ನೋಡಲಿಲ್ಲ. ನನಗೆ ಅಳು ಬಂತು. ಅತ್ತಿಗೆಗಾಗಿ ಅಷ್ಟೇ ಅಲ್ಲ, ಸುಳ್ಳೇಕೆ ಹೇಳಲಿ, ಆ ಕೋಣೆ ನನ್ನ ಕೈ ತಪ್ಪಿತು ಎಂದೂ ಬಂತು. ನನಗೂ ಬೇಕಿತ್ತು ಅದು. ತುಂಬಾ ಬೇಕಿತ್ತು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೆಚ್ಚುಕಡಿಮೆ ಕಿರುಚಿದ ಹಾಗೆ, "ನಂಗಕ್ಕೆ ಮೆತ್ತು ಸಾಕು!" ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ, ಸಿಟ್ಟಿನಿಂದಲೇ ಹೇಳಿದ್ದು. ಯಾರ ಮೇಲೆ ಎಂದು ಕೇಳಿದರೆ ಗೊತ್ತಿಲ್ಲ.

ಮೆತ್ತಿನ ತೆಂಗಿನಕಾಯಿಗಳನ್ನು ಅಂದೇ ಇಳಿಸಿದೆವು. ನನ್ನ ಯಜಮಾನರು ಸಂಜೆ ಬಂದು, ವಿಷಯ ಕೇಳಿ, ಏಣಿ ಹತ್ತಿ ತಲೆಯನ್ನು ತೊಲೆಗೆ ಬಡಿಸಿಕೊಂಡು ಇಳಿದರು. "ಯಾವುದಾದ್ರೂ ಆತು" ಎಂದು ಈ ಸಲ ಹೇಳಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ಮಾವ ಮಾತ್ರ, ಹೊಸ ಮದುಮಕ್ಕಳಿಗೆ ಉಗ್ರಾಣವೇ ಎಂದು ಗೊಣಗಿದರು. "ನಿಂಗ ರಾತ್ರಿ ಕೆಮ್ಮದು ಅಲ್ಲಿಗೆ ಕೇಳ್ತಿಲ್ಲೆ, ಅದೇ ಸುಖ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ಅತ್ತಿಗೆ ಯಾರಿಗೂ ಮುಖ ತೋರಿಸದೆ ತಮ್ಮ ಹಾಸಿಗೆಯನ್ನು ಸುತ್ತಿಕೊಂಡು ಮತ್ತೆ ಕಿಟಕಿ ಕೋಣೆಗೆ ಒಯ್ದರು.

ಸುಣ್ಣ ಅರಳಿಸಿಟ್ಟದ್ದು ಇತ್ತಲ್ಲ, ಮಾರನೆಯ ದಿನ ಗೋಡೆ ಬಳಿಯಲೇಬೇಕು. ಅಂಗಡಿಯ ನೀಲಿ ತರಲೇ ಎಂದು ಮಾವ ಕೇಳಿದರು. ಅತ್ತೆ ಮಗಳ ಕಡೆ ನೋಡಿ, "ನಿನ್ನ ಕೋಣೆ. ನೀನೇ ಹೇಳು" ಎಂದರು. ಅಷ್ಟು ದಿನ ನೀಲಿಗಳ ವಿಷಯದಲ್ಲಿ ಅಷ್ಟೆಲ್ಲ ಮಾತಾಡಿದ್ದ ಅತ್ತಿಗೆ ತಡವರಿಸದೆ, "ಬಿಳಿ ಸಾಕು. ಬೆಳಕು ಹೆಚ್ಚು ಬತ್ತು" ಎಂದು ಹೇಳಿ ಮಷಿನ್ನಿಗೆ ಹಳೆಯ ಸೀರೆ ಮುಚ್ಚಿದರು.

ಎತ್ತರದ ಭಾಗವನ್ನು ಆಳು ಬಳಿದು ಹೋಗಿದ್ದ. ಕೈಗೆ ಎಟಕುವಷ್ಟನ್ನು ಅತ್ತೆಯೂ ನಾನೂ ಬಳಿದೆವು. ಅತ್ತೆ ಕುಂಚ ಎಳೆಯುತ್ತಿದ್ದರು, ನಾನು ಸುಣ್ಣದ ಮಡಕೆ ಹಿಡಿದು ಸರಿಯುತ್ತಿದ್ದೆ. ಅರ್ಧ ಗೋಡೆ ಆದ ಮೇಲೆ ಅತ್ತೆ, ನನಗೆ ಹೇಳಿದರೋ ಗೋಡೆಗೆ ಹೇಳಿದರೋ, ಮಾತು ತೆಗೆದರು.

"ಯಂಗೆ ಈ ಮನೆಗೆ ಬಂದಾಗಿಂದ ಕೋಣೆ ಹೇಳಿ ಇಲ್ಲೆ. ಅಡುಗೆಮನೆ ಬಾಗ್ಲಲ್ಲಿ ಚಾಪೆ ಹಾಸಿದ್ರೆ ಬೆಳಗಾತು. ಹೆಂಗಸಿಗೆ ಒಂದು ಕೋಣೆ ಬೇಕಾಗ್ತು ಹೇಳದೇ ಯಂಗೆ ಹೊಳೆದಿದ್ದಿಲ್ಲೆ ಕೂಸೇ. ಹಂಗಾಗಿ ಅದ್ರನ್ನ ಕೇಳಿದ್ದಿಲ್ಲೆ."

ಅವರು ಎಲ್ಲಿ ಮಲಗುತ್ತಾರೆಂದು ದಿನಾ ನೋಡುತ್ತಿದ್ದವಳು ನಾನು. ಅವರ ಕಾಲು ದಾಟಿಕೊಂಡೇ ಬೆಳಿಗ್ಗೆ ಒಲೆ ಹಚ್ಚಲು ಹೋಗುತ್ತಿದ್ದೆ. ಮಾತು ಹಗುರ ಮಾಡಲೆಂದು ಕೇಳಿದೆ, "ನಿಂಗಕ್ಕೆ ಕೋಣೆ ಇದ್ದಿದ್ರೆ ಯಾವ ಬಣ್ಣ ಬಳಿಸ್ತಿದ್ರಿ ಅತ್ತೆ?"

ನಕ್ಕು ಗದರಿಸುತ್ತಾರೆ ಎಂದುಕೊಂಡಿದ್ದೆ. ಅತ್ತೆ ಕುಂಚ ನಿಲ್ಲಿಸಿದರು. ನಾವು ಆ ಹೊತ್ತಿಗೆ ಎರಡು ಪಟ್ಟೆಗಳಿದ್ದ ಗೋಡೆಯ ಎದುರೇ ಬಂದಿದ್ದೆವು. ಅವರು ಪಟ್ಟೆಗಳನ್ನು ನೋಡಿದರು, ನಿಜವಾಗಿಯೂ ಆರಿಸಬೇಕಾದವರು ನೋಡುವ ಹಾಗೆ, ಒಮ್ಮೆ ಇದನ್ನು, ಒಮ್ಮೆ ಅದನ್ನು. ಆಮೇಲೆ ತುತ್ತದ ಪಟ್ಟೆಯ ಮೇಲೆ ಬೆರಳಿಟ್ಟರು.

"ಇದು. ಅಪ್ಪಯ್ಯ ಯಂಗ ಸಣ್ಣಕಿದ್ದಾಗ ತೋಟದ ಮನೆ ಜಗಲಿಗೆ ಇದನ್ನೇ ಬಳಿಸ್ತಿದ್ದ" ಎಂದರು. ಕುಂಚವನ್ನು ಮಡಕೆಯಲ್ಲಿ ಅದ್ದಿ, ಅಂಚಿಗೆ ಒರೆಸಿ, ಅದರ ಮೇಲೆ ಬಿಳಿ ಸುಣ್ಣ ಎಳೆದರು.